ಮೊದಲ ಪ್ಯಾಚ್ ಕಳಿಸಿದವರು ಎರಡನೆಯದಕ್ಕೆ ಯಾಕೆ ಬರುವುದಿಲ್ಲ?

ಹೊಂಗೆ_ಮರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಮತ್ತು ನನ್ನ ಗೆಳೆಯ ಸೇರಿ ನಾಲ್ಕು ವರ್ಷದಿಂದ ಒಂದು ಪುಟ್ಟ ಕನ್ನಡ ನಿಘಂಟು ಆ್ಯಪ್ ನಡೆಸುತ್ತಿದ್ದೇವೆ. ಕೋಡ್ ಎಲ್ಲ ಓಪನ್ ಸೋರ್ಸ್, ಯಾರು ಬೇಕಾದರೂ ನೋಡಿ ತಿದ್ದಬಹುದು. ಇಬ್ಬರಿಗೂ ಬೇರೆ ನೌಕರಿ ಇದೆ, ಇದು ರಾತ್ರಿ ಊಟ ಆದ ಮೇಲಿನ ಕೆಲಸ. ಕಳೆದ ವರ್ಷ ಮೂವತ್ತಕ್ಕೂ ಜಾಸ್ತಿ ಜನ ಮೊದಲ ಸಲ ಪುಲ್ ರಿಕ್ವೆಸ್ಟ್ (ಕೋಡ್‌ನಲ್ಲಿ ಮಾಡಿದ ಬದಲಾವಣೆ, ಅಂದರೆ ಪ್ಯಾಚ್, ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರು. ಎರಡನೇ ಸಲ ಬಂದವರು ನಾಲ್ಕೇ ಜನ. ಹೊಸಬರು ಬರುವುದೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಬರುತ್ತಾರೆ, ನಿಲ್ಲುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಇದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ನಮ್ಮ ಪದಪಟ್ಟಿಯಲ್ಲಿ ಉದ್ದದ ಪದಗಳನ್ನು 14 ಅಕ್ಷರಕ್ಕೆ ಕತ್ತರಿಸಿ ಮುಂದೆ ಚುಕ್ಕಿ ಹಾಕುತ್ತಿದ್ದೆವು. ‘ಸ್ವಾತಂತ್ರ್ಯೋತ್ಸವ’ ಎಂಬ ಪದ ‘ಸ್ವಾತಂತ್ರ್ಯೋತ್…’ ಅಂತ ಅರ್ಧಕ್ಕೆ ತುಂಡಾಗಿ ಕಾಣುತ್ತಿತ್ತು. ‘ತ್ಸ’ ಒತ್ತಕ್ಷರದ ಮಧ್ಯಕ್ಕೇ ಕತ್ತರಿ ಬಿದ್ದಿತ್ತು. ಕಾರಣ ನಿಮಗೆ ಗೊತ್ತಿರುತ್ತೆ. ‘ಸ್ತ್ರೀ’ ಅನ್ನುವುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಆರು: ಸ, ಹಲಂತ, ತ, ಹಲಂತ, ರ, ಈ ಸ್ವರಚಿಹ್ನೆ. ಆರರಲ್ಲಿ ಎಲ್ಲಿ ಕತ್ತರಿಸಿದರೂ ಕೆಡುತ್ತದೆ.

ಒಬ್ಬ ಹುಡುಗಿ, ಎಂಜಿನಿಯರಿಂಗ್ ಮೂರನೇ ವರ್ಷ, ಇದಕ್ಕೆ ಪರಿಹಾರ ಬರೆದು ಕಳಿಸಿದಳು. ನಲವತ್ತು ಸಾಲಿನ ಕೋಡ್, ಜೊತೆಗೆ ಅದು ಸರಿಯಾಗಿ ಓಡುತ್ತದಾ ಅಂತ ನೋಡುವ ಟೆಸ್ಟ್ ಕೂಡ ಇತ್ತು. ಆಗ ನಮ್ಮ ಆಫೀಸಿನಲ್ಲಿ ರಿಲೀಸ್ ಸಮಯ. ನಾನು ಉತ್ತರ ಕೊಟ್ಟಿದ್ದು ಹತ್ತೊಂಬತ್ತು ದಿನ ಆದ ಮೇಲೆ. ಆ ಉತ್ತರದಲ್ಲಿ ಒಟ್ಟಿಗೆ ಹದಿನಾಲ್ಕು ತಿದ್ದುಪಡಿ ಕೇಳಿದ್ದೆ. ಕೊನೆಯದು, ‘ಇಷ್ಟೆಲ್ಲ ಯಾಕೆ, ಇದಕ್ಕೆ ರೆಡಿ ಲೈಬ್ರರಿ ಇದೆ, ಅದನ್ನೇ ಬಳಸಿ’ ಅಂತ. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್.

ಅವಳು ವಾಪಸ್ ಬರಲಿಲ್ಲ. ಎಂಟು ತಿಂಗಳಾಯಿತು. ಆ ಬಗ್ ಇನ್ನೂ ಹಾಗೇ ಇದೆ.

ಹೊಸಬರನ್ನು ಕೈಹಿಡಿದು ಬೆಳೆಸಿದವರು ಇಲ್ಲಿ ಇದ್ದೀರಿ. ನೀವು ಹೇಗೆ ಮಾಡುತ್ತೀರಿ? ಎಷ್ಟು ಸಮಯ ಕೊಡುತ್ತೀರಿ? ದೊಡ್ಡ ಪ್ರಾಜೆಕ್ಟ್‌ಗಳ ಪದ್ಧತಿ ನಮ್ಮಂಥ ಇಬ್ಬರ ಪ್ರಾಜೆಕ್ಟಿಗೆ ಹೊಂದುತ್ತದಾ?

---

ಟ್ಯಾಬ್_ಎಂಟು

ಹೊಂಗೆ_ಮರ ಅವರೇ, ಹತ್ತೊಂಬತ್ತು ದಿನ ಅನ್ನುವುದೇ ಅರ್ಧ ಉತ್ತರ ಅಂತ ನನಗೆ ಅನಿಸುತ್ತದೆ. ಬೈಯುತ್ತಿಲ್ಲ. ನಾನೂ ಹಾಗೆ ಎಷ್ಟೋ ಜನರನ್ನು ಕಳೆದುಕೊಂಡಿದ್ದೇನೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲಿಗೆ ನಾನು ಮೊದಲು ಕಳಿಸಿದ ಪ್ಯಾಚ್ ಒಂದು ಡ್ರೈವರ್‌ನಲ್ಲಿ (ಯಂತ್ರಭಾಗ ನಡೆಸುವ ಕೋಡ್) ಸಾಲಿನ ಜೋಡಣೆ ಸರಿ ಮಾಡಿದ್ದು, ಅಷ್ಟೇ. ಅದೂ ಸ್ಟೇಜಿಂಗ್ ಅನ್ನುವ ಭಾಗದಲ್ಲಿ. ಇನ್ನೂ ಪೂರ್ತಿ ಹದಕ್ಕೆ ಬರದ ಡ್ರೈವರ್‌ಗಳನ್ನು ಅಲ್ಲಿ ಇಟ್ಟಿರುತ್ತಾರೆ, ಹೊಸಬರು ಕೈ ಪಳಗಿಸುವುದೂ ಅಲ್ಲೇ. ಆ ಪ್ಯಾಚ್‌ನಿಂದ ಕರ್ನಲ್ಲಿಗೆ ದೊಡ್ಡ ಲಾಭ ಏನೂ ಆಗಲಿಲ್ಲ. ಆದರೆ ಅದನ್ನು ಕಳಿಸುವಷ್ಟರಲ್ಲಿ ನಾನು ದಾರಿ ಕಲಿತೆ. ಯಾರಿಗೆ ಕಳಿಸಬೇಕು ಅಂತ ಸ್ಕ್ರಿಪ್ಟ್ ಓಡಿಸಿ ಹುಡುಕುವುದು, ಶೈಲಿ ತಪ್ಪು ಹಿಡಿಯುವ ಚೆಕ್‌ಪ್ಯಾಚ್ ಓಡಿಸುವುದು, ಬದಲಾವಣೆ ಯಾಕೆ ಬೇಕು ಅಂತ ಎರಡು ಸಾಲಿನಲ್ಲಿ ಬರೆಯುವುದು, ಕೊನೆಗೆ ನನ್ನ ಸಹಿ ಸಾಲು. ಇಷ್ಟಾದ ಮೇಲೂ ಮೊದಲ ಸಲ ತಪ್ಪಾಯಿತು. ಕರ್ನಲ್ಲಿಗೆ ಪ್ಯಾಚ್ ಹೋಗುವುದು ಇಮೇಲ್‌ನಲ್ಲಿ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಪ್ಯಾಚ್ ಅಂಟಿಸಿದ್ದೆ. ಅದು ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತು. ಆ ಪ್ಯಾಚ್ ಯಾರ ಕಂಪ್ಯೂಟರ್‌ನಲ್ಲೂ ಕೋಡ್‌ಗೆ ಸೇರಲಿಲ್ಲ.

ಅದೇ ದಿನ ಸಂಜೆ ಒಬ್ಬರು ಉತ್ತರ ಬರೆದರು. ಮೂರು ಸಾಲು. ‘ಸ್ವಾಗತ. ನಿಮ್ಮ ಮೇಲ್ ಪ್ರೋಗ್ರಾಂ ಟ್ಯಾಬ್ ಕೆಡಿಸಿದೆ. ಗಿಟ್ ಸೆಂಡ್-ಇಮೇಲ್‌ನಿಂದ ಮೊದಲು ನಿಮಗೇ ಕಳಿಸಿ ನೋಡಿ, ಆಮೇಲೆ ಎರಡನೇ ಆವೃತ್ತಿ ಅಂತ ಇಲ್ಲಿಗೆ ಕಳಿಸಿ.’ ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ. ಮಾರನೇ ದಿನ ಕಳಿಸಿದೆ. ಆ ಮೂರು ಸಾಲು ಒಂದು ವಾರ ತಡವಾಗಿ ಬಂದಿದ್ದರೆ ನಾನು ಬಹುಶಃ ಇವತ್ತು ಇಲ್ಲಿ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಸ್ಟೇಜಿಂಗ್ ನೋಡಿಕೊಳ್ಳುವ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರ ಹೆಸರಿನಲ್ಲಿ ಒಂದು ಪ್ಯಾಚ್ ಬಾಟ್ ಇದೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪುಗಳಿಗೆ ಸಿದ್ಧ ಉತ್ತರವನ್ನು ಅದೇ ಕಳಿಸುತ್ತದೆ. ಸ್ಪೇಸ್, ಟ್ಯಾಬ್, ಶೀರ್ಷಿಕೆ ಉದ್ದ, ಇಂಥದ್ದನ್ನು ಯಂತ್ರ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಮನುಷ್ಯ ಹೇಳಿದರೆ ಆಗುತ್ತದೆ. ನಿಮ್ಮ ಹದಿನಾಲ್ಕರಲ್ಲಿ ಅಂಥವು ಎಷ್ಟಿದ್ದವು, ಒಮ್ಮೆ ಎಣಿಸಿ ನೋಡಿ.

---

ಹೊಂಗೆ_ಮರ

ಈಗಷ್ಟೇ ಎಣಿಸಿದೆ. ಒಂಬತ್ತು.

---

ಎರಡನೇ_ಸೆಮ್

ನಾನು ಇಲ್ಲಿ ಬರೀ ಓದುವವನು. ಆದರೆ ಇದಕ್ಕೆ ಉತ್ತರ ಬರೆಯಲೇಬೇಕು ಅನಿಸಿತು, ಯಾಕಂದ್ರೆ ನಾನು ಆ ಕಡೆಯವನು.

ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳು ಅಕ್ಟೋಬರ್ ಬಂದರೆ ‘ಒಂದು ಪುಲ್ ರಿಕ್ವೆಸ್ಟ್ ಹಾಕು, ರೆಸ್ಯೂಮೆಗೆ ಆಗುತ್ತೆ’ ಅನ್ನುತ್ತಾರೆ. ರೀಡ್‌ಮಿ (ಪ್ರಾಜೆಕ್ಟ್‌ನ ಪರಿಚಯ) ಕಡತದಲ್ಲಿ ಹೆಸರು ಸೇರಿಸುವುದನ್ನು ತೋರಿಸುತ್ತಾರೆ. ಅದರ ಮುಂದೆ ಏನು ಅಂತ ಯಾರೂ ತೋರಿಸುವುದಿಲ್ಲ. ನನಗೆ ನಿಜವಾದ ಕೆಲಸ ಮಾಡಬೇಕು ಅಂತ ಆಸೆ ಇತ್ತು. ಒಂದು ಪ್ರಾಜೆಕ್ಟ್ ಆರಿಸಿದೆ, ಹೆಸರು ಬೇಡ.

ಮೂರು ಸಂಜೆ ಹೋಯಿತು, ಕೋಡ್ ಇಳಿಸಿಕೊಳ್ಳಲಿಕ್ಕೇ. ನಮ್ಮ ಮನೆಯಲ್ಲಿ ವೈಫೈ ಇಲ್ಲ. ಮೊಬೈಲ್ ಡೇಟಾ ದಿನಕ್ಕೆ ಒಂದೂವರೆ ಜಿಬಿ. ಕ್ಲೋನ್, ಅಂದರೆ ಕೋಡ್‌ನ ಪೂರ್ತಿ ನಕಲು ಇಳಿಸುವುದು, ಅರ್ಧಕ್ಕೆ ಬಂದಾಗ ಡೇಟಾ ಖಾಲಿ. ಮಾರನೇ ದಿನ ಮತ್ತೆ ಮೊದಲಿಂದ. ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರಾಮ್, ವಿಂಡೋಸ್. ಸೆಟಪ್ ಪುಟದಲ್ಲಿ ಮೊದಲ ಸಾಲೇ ಡಾಕರ್ (ಪ್ರಾಜೆಕ್ಟ್‌ಗೆ ಬೇಕಾದ್ದನ್ನೆಲ್ಲ ಒಂದೇ ಡಬ್ಬಿಯಲ್ಲಿಟ್ಟು ಓಡಿಸುವ ತಂತ್ರಾಂಶ) ಹಾಕಿ ಅಂತ. ಹಾಕಿದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ.

ಕೇಳಬೇಕು ಅಂತ ಚಾಟ್ ಚಾನೆಲ್ ತೆರೆದೆ. ಅಲ್ಲಿ ಸಾವಿರಾರು ಜನ, ಎಲ್ಲ ಇಂಗ್ಲಿಷ್. ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಒಂದು ವಾಕ್ಯ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕೇಳದೆ ಮುಚ್ಚಿದೆ. ಈ ಪ್ರಶ್ನೆ ಕೇಳಿದರೆ ಇವನಿಗೆ ಇಷ್ಟೂ ಗೊತ್ತಿಲ್ವಾ ಅಂದುಕೊಂಡರೆ ಅಂತ ಭಯ. ನಂತರ ಒಬ್ಬ ಮೆಂಟರ್‌ಗೆ ನೇರವಾಗಿ ಮೆಸೇಜ್ ಹಾಕಿದೆ. ಅವರು ಹೇಳಿದ್ದು ಒಂದೇ ಮಾತು: ‘ಡೆಪ್ತ್ ಒಂದು ಅಂತ ಕೊಟ್ಟು ಕ್ಲೋನ್ ಮಾಡು, ಹಳೇ ಇತಿಹಾಸ ಇಳಿಯಲ್ಲ.’ ಹತ್ತು ನಿಮಿಷದಲ್ಲಿ ಇಳಿಯಿತು. ಆ ಒಂದು ಸಾಲು ಸೆಟಪ್ ಪುಟದಲ್ಲೇ ಇದ್ದಿದ್ದರೆ ಸಾಕಿತ್ತು.

ಆ ಹುಡುಗಿ ಯಾಕೆ ಬರಲಿಲ್ಲ ಅಂತ ನನಗೆ ಗೊತ್ತಿಲ್ಲ. ಆದರೆ ಹತ್ತೊಂಬತ್ತು ದಿನ ಉತ್ತರ ಬರದಿದ್ದರೆ ನಾನು ‘ನನ್ನ ಕೋಡ್ ಅಷ್ಟು ಕೆಟ್ಟದಾಗಿದೆ’ ಅಂದುಕೊಳ್ಳುತ್ತಿದ್ದೆ. ನಿಮ್ಮ ಆಫೀಸಿನ ರಿಲೀಸ್ ಅಂತ ನನಗೆ ಹೊಳೆಯುತ್ತಲೇ ಇರಲಿಲ್ಲ.

---

ಬರ್ಲಿನ್_ಕನ್ನಡತಿ

ಎರಡನೇ_ಸೆಮ್, ನೀನು ಬರೆದದ್ದನ್ನು ನಮ್ಮ ತಂಡದ ಎಲ್ಲರಿಗೂ ಅನುವಾದ ಮಾಡಿ ಓದಿಸಬೇಕು ಅನಿಸುತ್ತಿದೆ. ಒಪ್ಪಿಗೆ ಇದ್ದರೆ ಹೇಳು.

ನಾನು ಕೆಲವು ವರ್ಷದಿಂದ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ, ಅಂದರೆ ಹೊಸಬರನ್ನು ಓಪನ್ ಸೋರ್ಸ್ ಕೆಲಸಕ್ಕೆ ತರುವ ಗೂಗಲ್‌ನ ಕಾರ್ಯಕ್ರಮದಲ್ಲಿ, ಮೆಂಟರ್. ನಮ್ಮ ತಂಡದಲ್ಲಿ ಭಾರತದ ಭಾಷೆ ಬರುವವಳು ನಾನೊಬ್ಬಳೇ. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಒಂದೇ ವಿಷಯ ಸಹೋದ್ಯೋಗಿಗಳಿಗೆ ವಿವರಿಸುತ್ತೇನೆ. ‘ಸರ್, ಈ ಇಶ್ಯೂ ನನಗೆ ಅಸೈನ್ ಮಾಡಿ’ ಎಂಬ ಸಂದೇಶ ಒಂದೇ ದಿನ ಇಪ್ಪತ್ತು ಬರುತ್ತದೆ. ಇಶ್ಯೂ ಅಂದರೆ ಸರಿ ಮಾಡಬೇಕಾದ ಬಗ್ ಅಥವಾ ಕೆಲಸ ಬರೆದಿಟ್ಟ ಟಿಪ್ಪಣಿ. ಇಲ್ಲಿಯವರಿಗೆ ಅದು ಕೆಲಸ ಮಾಡದೆ ಜಾಗ ಹಿಡಿಯುವ ಹಾಗೆ ಕಾಣುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಅದು ಮರ್ಯಾದೆ. ಮೇಷ್ಟ್ರು ಹೇಳದೆ ಪುಸ್ತಕ ತೆಗೆಯಬಾರದು ಅಂತ ಹನ್ನೆರಡು ವರ್ಷ ಶಾಲೆಯಲ್ಲಿ ಕಲಿತು ಬಂದಿರುತ್ತಾರೆ. ಕೇಳದೇ ಮಾಡಿದರೆ ಅತಿಪ್ರಸಂಗ ಆಗುತ್ತದೆ ಅಂತ ಭಯ. ಅದಕ್ಕೇ ನಾನು ಇಶ್ಯೂ ಬರೆಯುವಾಗಲೇ ಕೆಳಗೆ ಸೇರಿಸುತ್ತೇನೆ: ‘ಇದನ್ನು ಮಾಡಲು ಯಾರ ಅನುಮತಿಯೂ ಬೇಡ. ಶುರು ಮಾಡಿ, ಅರ್ಧ ಆದಾಗಲೇ ತೋರಿಸಿ.’ ಆ ಸಾಲು ಬಂದ ಮೇಲೆ ‘ಅಸೈನ್ ಮಾಡಿ’ ಸಂದೇಶಗಳು ತುಂಬಾ ಕಡಿಮೆಯಾದವು.

ನೇರ ಮೆಸೇಜ್ ವಿಷಯ. ಮೆಂಟರ್‌ಗೆ ಖಾಸಗಿಯಾಗಿ ಕೇಳಿದರೆ ಕಲಿಯುವುದು ಒಬ್ಬರು. ಆದರೂ ನಾನು ಅದನ್ನು ತಿರಸ್ಕರಿಸುವುದಿಲ್ಲ. ಮೊದಲ ಪ್ರಶ್ನೆಗೆ ಅಲ್ಲೇ ಉತ್ತರ ಕೊಡುತ್ತೇನೆ. ಕೊನೆಗೆ, ‘ಇದು ಒಳ್ಳೇ ಪ್ರಶ್ನೆ, ಇದನ್ನೇ ಚಾನೆಲ್‌ನಲ್ಲಿ ಕೇಳುತ್ತೀಯಾ? ಅಲ್ಲೂ ನಾನೇ ಉತ್ತರಿಸುತ್ತೇನೆ’ ಅನ್ನುತ್ತೇನೆ. ಉತ್ತರ ಏನು ಅಂತ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ನಾಲ್ಕು ಜನರ ಮುಂದೆ ಕೇಳಲು ಭಯ ಆಗುವುದಿಲ್ಲ. ಎರಡು ಮೂರು ಸಲ ಹೀಗೆ ಆದ ಮೇಲೆ ಅವರೇ ನೇರ ಚಾನೆಲ್‌ಗೆ ಬರುತ್ತಾರೆ.

ದೊಡ್ಡ ಕಾರ್ಯಕ್ರಮಗಳ ಬಗ್ಗೆ ಕೇಳಿದಿರಿ. ಸಮ್ಮರ್ ಆಫ್ ಕೋಡ್ 2005ರಲ್ಲಿ ಶುರುವಾಯಿತು. 2021ರವರೆಗೆ ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ 18 ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಬೇರೆಯವರಿಗೂ ಬಾಗಿಲು ತೆರೆಯಿತು. ಔಟ್‌ರೀಚಿ ಅನ್ನುವ ಇಂಥದ್ದೇ ಕಾರ್ಯಕ್ರಮ ಗ್ನೋಮ್ (ಲಿನಕ್ಸ್‌ನ ಡೆಸ್ಕ್‌ಟಾಪ್) ಪ್ರಾಜೆಕ್ಟ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಹುಟ್ಟಿದ್ದು. ಈಗ ಅನೇಕ ಪ್ರಾಜೆಕ್ಟ್‌ಗಳು ಅದರಲ್ಲಿವೆ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡರಲ್ಲೂ ಕೆಲಸ ಮಾಡಿದವರಿಗೆ ಹಣ ಸಿಗುತ್ತದೆ. ನಿಮ್ಮಿಬ್ಬರಿಗೆ ಇವು ಈಗಲೇ ಬೇಡ. ಆದರೆ ಅವುಗಳಿಂದ ಒಂದು ವಿಷಯ ತೆಗೆದುಕೊಳ್ಳಬಹುದು: ಆಯ್ಕೆಗೆ ಮುಂಚೆಯೇ ಒಂದು ಚಿಕ್ಕ ನಿಜವಾದ ಕೆಲಸ ಮಾಡಿಸುವುದು. ಗಿಟ್ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಮೈಕ್ರೋಪ್ರಾಜೆಕ್ಟ್ ಅನ್ನುತ್ತಾರೆ. ಟೆಸ್ಟ್ ಸ್ಕ್ರಿಪ್ಟ್ ಒಂದರಲ್ಲಿ ಕಡತ ಇದೆಯಾ ಅಂತ ನೋಡುವ ಹಳೇ ರೀತಿ ತೆಗೆದು, ಅದಕ್ಕಂತಲೇ ಇರುವ ಹೊಸ ಫಂಕ್ಷನ್ ಹಾಕುವುದು, ಅಷ್ಟು ಚಿಕ್ಕದು. ಒಬ್ಬರು ಒಂದೇ ಮಾಡಿ, ಉಳಿದದ್ದು ಬೇರೆಯವರಿಗೆ ಬಿಡಿ ಅಂತಲೂ ಹೇಳುತ್ತಾರೆ.

ಆ ಬಿಡುವುದು ಇದೆಯಲ್ಲ, ಅದು ಕಷ್ಟ. ಐದು ನಿಮಿಷದಲ್ಲಿ ನಾನೇ ಸರಿ ಮಾಡಬಹುದಾದ ಬಗ್ಗನ್ನು ನೋಡಿಯೂ ಮುಟ್ಟದೆ, ಯಾರಾದರೂ ಬರುತ್ತಾರೆ ಅಂತ ಎರಡು ತಿಂಗಳು ಇಡಬೇಕು. ಉಪ್ಪಿನಕಾಯಿ ಜಾಡಿಯ ಹಾಗೆ. ಪದೇ ಪದೇ ಮುಚ್ಚಳ ತೆಗೆಯಬಾರದು.

---

ರಾತ್ರಿಪಾಳಿ

ನಾನು ಬೇರೆ ಮಾತು ಹೇಳುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ಎಲ್ಲರೂ ಹೊಸಬರ ಕಷ್ಟ ಹೇಳಿದಿರಿ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೈನರ್ ಕಷ್ಟ ಯಾರು ಕೇಳುತ್ತಾರೆ? ನಾನು ಆರು ವರ್ಷ ಒಂದು ಲೈಬ್ರರಿ ನೋಡಿಕೊಂಡೆ, ಒಬ್ಬನೇ. 2020ರ ಅಕ್ಟೋಬರ್ ನೆನಪಿದೆಯಾ? ಹ್ಯಾಕ್ಟೋಬರ್‌ಫೆಸ್ಟ್ ಅಂತ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುವ ಕಾರ್ಯಕ್ರಮ. ಆ ಟೀ ಶರ್ಟ್‌ಗಾಗಿ ಜನ ರೀಡ್‌ಮಿಯಲ್ಲಿ ಒಂದು ವಿಶೇಷಣ ಸೇರಿಸಿ ಕಳಿಸುತ್ತಿದ್ದರು. ಅದು ಎಷ್ಟಾಯಿತು ಅಂದರೆ, ತಿಂಗಳ ಶುರುವಿನಲ್ಲೇ ನಿಯಮ ಬದಲಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ತಂತ್ರಾಂಶದ ರೆಪೊದಲ್ಲಿ (ಕೋಡ್ ಭಂಡಾರ) ಅದೇ ಕಥೆ. ಪಾಠದ ವಿಡಿಯೊ ನೋಡಿ ಮಕ್ಕಳು ಸಾಲುಸಾಲಾಗಿ ತಮ್ಮ ಹೆಸರು ಸೇರಿಸಿ ಕಳಿಸಿದರು. ಮಕ್ಕಳ ತಪ್ಪು ಅಂತ ನಾನು ಹೇಳುವುದಿಲ್ಲ, ತೋರಿಸಿದವರ ತಪ್ಪು. ಆದರೆ ಅದನ್ನೆಲ್ಲ ಒಂದೊಂದಾಗಿ ಮುಚ್ಚುವ ಮನುಷ್ಯ ಒಬ್ಬ ಇರುತ್ತಾನೆ, ಅಲ್ವಾ?

ಈಗ ಎಐ ಬಂದಿದೆ. ಇಂಟರ್‌ನೆಟ್‌ನಲ್ಲಿ ಮಾಹಿತಿ ಕಳಿಸಿ ತರಿಸುವ ಕರ್ಲ್ ತಂತ್ರಾಂಶ ಬರೆದ ಡೇನಿಯಲ್ ಸ್ಟೆನ್‌ಬರ್ಗ್ 2025ರಲ್ಲಿ ಬಹಿರಂಗವಾಗಿಯೇ ಹೇಳಿಕೊಂಡರು, ಎಐ ಬರೆದ ಸುಳ್ಳು ಭದ್ರತಾ ವರದಿಗಳಿಂದ ಸಾಕಾಗಿದೆ ಅಂತ. ನನ್ನ ಚಿಕ್ಕ ಲೈಬ್ರರಿಗೂ ಬಂದವು. ನಾನು ಒಂದು ಪ್ರಶ್ನೆ ಕೇಳಿದರೆ, ಅದನ್ನು ಹಾಗೇ ಎಐಗೆ ಹಾಕಿ, ಬಂದದ್ದನ್ನು ನನಗೆ ಅಂಟಿಸುತ್ತಾರೆ. ಅರ್ಧ ಗಂಟೆ ಕೂತು ನಾನು ಯಾರಿಗೆ ಕಲಿಸುತ್ತಿದ್ದೆ? ಆ ಕಡೆ ಕಲಿಯುವವರು ಇರಲೇ ಇಲ್ಲ.

ಕಳೆದ ಮಳೆಗಾಲದಲ್ಲಿ ನಾನು ರೀಡ್‌ಮಿಯ ಮೇಲೆ ಒಂದು ಸಾಲು ಹಾಕಿದೆ: ‘ಸದ್ಯಕ್ಕೆ ಹೊಸಬರಿಗೆ ಕಲಿಸಲು ನನಗೆ ಸಮಯ ಇಲ್ಲ. ಬಗ್ ವರದಿ ಕಳಿಸಿ, ಪ್ಯಾಚ್ ಬೇಡ.’ ನಿದ್ದೆ ಬರಲು ಶುರುವಾಯಿತು. ಎಲ್ಲರೂ ಮೆಂಟರ್ ಆಗಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

---

ಟ್ಯಾಬ್_ಎಂಟು

ರಾತ್ರಿಪಾಳಿ ಅವರೇ, ನಿಮ್ಮ ಆ ಸಾಲು ಸರಿಯಾಗೇ ಇದೆ. ‘ಬನ್ನಿ’ ಅಂತ ಬೋರ್ಡ್ ಹಾಕಿ ಉತ್ತರ ಕೊಡದೆ ಇರುವುದಕ್ಕಿಂತ ಸಾವಿರ ಪಾಲು ವಾಸಿ.

ಒಬ್ಬನೇ ಅಂದಿರಿ, ಅದು ನನ್ನನ್ನು ಕಾಡುತ್ತದೆ. ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ವಿಷಯ ನೆನಪಿಸಿಕೊಳ್ಳಿ. ಅದನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಸಂಬಳ ಇಲ್ಲದೆ, ಆರೋಗ್ಯ ಸರಿ ಇಲ್ಲದೆ. 2022ರಲ್ಲಿ ಯಾರೋ ಮೇಲಿಂದ ಮೇಲೆ ‘ಬೇರೆಯವರಿಗೆ ಬಿಟ್ಟುಕೊಡಿ’ ಅಂತ ಒತ್ತಡ ಹಾಕಿದರು. ಸಹಾಯಕ್ಕೆ ಬಂದ ಒಬ್ಬ ‘ಹೊಸಬ’ ತಾಳ್ಮೆಯಿಂದ ಪ್ಯಾಚ್ ಕಳಿಸುತ್ತಾ ನಂಬಿಕೆ ಗಳಿಸಿದ, ಸಹ ಮೇಂಟೈನರ್ ಆದ. 2024ರ ಮಾರ್ಚ್‌ನಲ್ಲಿ ನೋಡಿದರೆ ಅದರೊಳಗೆ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು. ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಯಾಕೆ ಅಂತ ಅನುಮಾನ ಬಂದು ಹುಡುಕಿದ್ದರಿಂದ ಸಿಕ್ಕಿತು.

ಇದನ್ನು ಕೇಳಿ ಹೊಸಬರನ್ನು ನಂಬಬಾರದು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸುಸ್ತಾದ ಮನುಷ್ಯ ಕೊನೆಗೆ ಮುಂದೆ ನಿಂತ ಒಬ್ಬನಿಗೇ ಕೀಲಿ ಕೊಡುತ್ತಾನೆ. ಸುಸ್ತಾಗುವ ಮುಂಚೆ, ಚೆನ್ನಾಗಿರುವಾಗಲೇ, ಮೂರು ನಾಲ್ಕು ಜನರನ್ನು ಬೆಳೆಸಿಕೊಂಡಿದ್ದರೆ ಆಯ್ಕೆ ಇರುತ್ತದೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಿರುತ್ತಾರೆ.

---

ಒತ್ತಕ್ಷರ

ನಾನು ಕೋಡ್ ಬರೆಯುವವಳಲ್ಲ, ಅನುವಾದ ನೋಡಿಕೊಳ್ಳುತ್ತೇನೆ. ಹೊಸಬರು ಅಂದರೆ ಎಲ್ಲರೂ ಪ್ರೋಗ್ರಾಮರ್ ಅಂದುಕೊಳ್ಳುತ್ತೀರಿ. ಫೈರ್‌ಫಾಕ್ಸ್‌ಗೆ ಪಂಟೂನ್ ಇದೆ, ವಿಕಿಪೀಡಿಯ ತಂತ್ರಾಂಶಕ್ಕೆ ಟ್ರಾನ್ಸ್‌ಲೇಟ್‌ವಿಕಿ ಇದೆ. ಎರಡೂ ಅನುವಾದ ಮಾಡುವ ಜಾಲತಾಣಗಳು, ಬ್ರೌಸರ್ ಸಾಕು. ಡಾಕರ್ ಬೇಡ, ಕ್ಲೋನ್ ಬೇಡ. ಎರಡನೇ_ಸೆಮ್ ಅವರ ಒಂದೂವರೆ ಜಿಬಿಯಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಬಹುದು.

ಇಲ್ಲೂ ಕಲಿಸುವುದು ಬೇಕು. ನಿವೃತ್ತ ಕನ್ನಡ ಮೇಡಂ ಒಬ್ಬರು ನಮ್ಮ ತಂಡ ಸೇರಿದರು. ಮೊದಲ ದಿನವೇ ಐವತ್ತು ಸಾಲು ಅನುವಾದ. ಕನ್ನಡ ಅಚ್ಚುಕಟ್ಟು. ಆದರೆ ಒಂದು ಕಡೆ ಹೀಗಿತ್ತು: ‘____ಗೆ ಕಳಿಸಲಾಗಿದೆ’. ಖಾಲಿ ಜಾಗದಲ್ಲಿ ತಂತ್ರಾಂಶ ಹೆಸರು ತುಂಬುತ್ತದೆ. ‘ಸವಿತಾಗೆ ಕಳಿಸಲಾಗಿದೆ’ ಸರಿ. ‘ಗುರುಗೆ’ ಬಂದರೆ? ‘ಕಿರಣ್‌ಗೆ’? ಗುರುವಿಗೆ ಆಗಬೇಕು, ಕಿರಣನಿಗೆ ಆಗಬೇಕು. ತಂತ್ರಾಂಶಕ್ಕೆ ಸಂಧಿಯೂ ಗೊತ್ತಿಲ್ಲ, ವಿಭಕ್ತಿಯೂ ಗೊತ್ತಿಲ್ಲ.

ನಾನು ತಿದ್ದಿಬಿಡಬಹುದಿತ್ತು, ಎರಡು ಸೆಕೆಂಡ್ ಕೆಲಸ. ಅದರ ಬದಲು ಅವರಿಗೆ ಫೋನ್ ಮಾಡಿದೆ. ‘ಮೇಡಂ, ಆ ಜಾಗದಲ್ಲಿ ಯಾವ ಹೆಸರು ಬರುತ್ತೆ ಅಂತ ನಮಗೆ ಗೊತ್ತಿರಲ್ಲ. ಎಲ್ಲ ಹೆಸರಿಗೂ ಹೊಂದುವ ಹಾಗೆ ಏನಾದರೂ ಇದೆಯಾ?’ ಅಂತ ಕೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘____ ಅವರಿಗೆ ಕಳಿಸಲಾಗಿದೆ ಅಂದರೆ ಆಯಿತಲ್ಲಮ್ಮ’ ಅಂದರು. ಕಡತಗಳ ಹೆಸರಿಗೆ ‘____ ಎಂಬ ಕಡತಕ್ಕೆ’ ಅಂತ ಅವರೇ ಕಂಡುಹಿಡಿದರು. ಈಗ ನಮ್ಮ ಶೈಲಿ ಕೈಪಿಡಿಯಲ್ಲಿ ಆ ಪುಟ ಬರೆದಿರುವುದು ಅವರೇ. ಹೊಸಬರು ಬಂದರೆ ಅವರೇ ಫೋನ್ ಮಾಡುತ್ತಾರೆ.

ಹೊಂಗೆ_ಮರ ಅವರೇ, ‘ರೆಡಿ ಲೈಬ್ರರಿ ಬಳಸಿ’ ಅಂದಿರಲ್ಲ, ಆ ಲೈಬ್ರರಿ ಕನ್ನಡದ ಒತ್ತಕ್ಷರಕ್ಕೆ ಸರಿಯಾಗಿ ಕೆಲಸ ಮಾಡುತ್ತದಾ? ನೀವು ನೋಡಿದ್ದೀರಾ?

---

ಹೊಂಗೆ_ಮರ

ನೋಡಿರಲಿಲ್ಲ. ಇವತ್ತು ರಾತ್ರಿ ನೋಡುತ್ತೇನೆ.

---

ತುಂಗಾತೀರ

ಇಲ್ಲಿ ಎಲ್ಲರೂ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ರಿವ್ಯೂ (ಬೇರೆಯವರ ಕೋಡ್ ಓದಿ ಅಭಿಪ್ರಾಯ ಹೇಳುವುದು) ಹೇಗೆ ಬರೆಯುತ್ತೇನೆ ಅಂತ ಮಾತ್ರ ಹೇಳುತ್ತೇನೆ, ಯಾಕಂದ್ರೆ ಅದನ್ನು ನಾನು ತಪ್ಪು ಮಾಡಿ ಮಾಡಿಯೇ ಕಲಿತದ್ದು.

ಮುಂಚೆ ನಾನು ಹೀಗೆ ಬರೆಯುತ್ತಿದ್ದೆ: ‘ಈ ಲೂಪ್ ಯಾಕೆ? ಮ್ಯಾಪ್ ಬಳಸಿ.’ ಈಗ ಹೀಗೆ ಬರೆಯುತ್ತೇನೆ: ‘ಪಟ್ಟಿ ಖಾಲಿ ಇದ್ದಾಗ ಇದು ಏನು ಮಾಡುತ್ತದೆ? ನಾನು ಓಡಿಸಿದಾಗ ನಿಂತುಹೋಯಿತು. ಒಂದು ಟೆಸ್ಟ್ ಬರೆದು ನೋಡಿ, ಸಿಕ್ಕಿಕೊಂಡರೆ ಇಲ್ಲೇ ಕೇಳಿ.’ ಮೊದಲನೆಯದು ನನ್ನ ಇಷ್ಟ. ಎರಡನೆಯದು ನಿಜವಾದ ತೊಂದರೆ. ನನ್ನ ಇಷ್ಟದ ವಿಷಯಗಳನ್ನು ಮೊದಲ ಪ್ಯಾಚ್‌ನಲ್ಲಿ ಹೇಳುವುದೇ ಇಲ್ಲ. ಹೇಳಲೇಬೇಕಿದ್ದರೆ ‘ಇದು ಚಿಕ್ಕದು, ಬಿಟ್ಟರೂ ನಡೆಯುತ್ತದೆ’ ಅಂತ ಸೇರಿಸುತ್ತೇನೆ. ಹೊಸಬರಿಗೆ ಯಾವುದು ಮಾಡಲೇಬೇಕಾದದ್ದು, ಯಾವುದು ಸುಮ್ನೆ ಹೇಳಿದ್ದು ಅಂತ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ತೂಕದಲ್ಲಿ ಬಂದು ತಲೆ ಮೇಲೆ ಕೂರುತ್ತದೆ.

ಮೂರು ದಿನದೊಳಗೆ ಪೂರ್ತಿ ರಿವ್ಯೂ ಆಗದಿದ್ದರೆ ಒಂದು ಸಾಲು ಹಾಕುತ್ತೇನೆ: ‘ನೋಡಿದೆ, ಕೆಲಸ ಚೆನ್ನಾಗಿದೆ, ಭಾನುವಾರ ಕೂತು ಓದುತ್ತೇನೆ.’ ಭಾನುವಾರ ನಿಜವಾಗಿಯೂ ಕೂರುತ್ತೇನೆ. ಹೇಳಿದ ದಿನ ತಪ್ಪಬಾರದು.

ಹೊಸಬರಿಗೆ ಅಂತ ಗುರುತು ಹಾಕಿದ ಇಶ್ಯೂ ಬರೆಯಲು ನನಗೆ ಮುಕ್ಕಾಲು ಗಂಟೆ ಬೇಕು. ಸರಿ ಮಾಡಲು ಹತ್ತು ನಿಮಿಷ ಸಾಕು. ಆದರೂ ಬರೆಯುತ್ತೇನೆ. ಯಾವ ಕಡತ, ಯಾವ ಫಂಕ್ಷನ್ ಹತ್ತಿರ ಹುಡುಕಬೇಕು, ಈಗ ಪರದೆಯ ಮೇಲೆ ಏನು ಕಾಣುತ್ತದೆ, ಸರಿಯಾದ ಮೇಲೆ ಏನು ಕಾಣಬೇಕು, ಯಾವ ಟೆಸ್ಟ್ ಓಡಿಸಿದರೆ ಗೊತ್ತಾಗುತ್ತದೆ, ಸಿಕ್ಕಿಕೊಂಡರೆ ಯಾರನ್ನು ಕೇಳಬೇಕು. ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್‌ನವರು ಹೊಸಬರಿಗೆ ಅಂತ ಇಟ್ಟಿರುವ ಈಸಿ ಹ್ಯಾಕ್ಸ್ ಪಟ್ಟಿ ತೆರೆದು ನೋಡಿ. ಕೋಡ್‌ನಲ್ಲಿ ಎಲ್ಲಿ ಕೈ ಹಾಕಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ನಾನು ಅದನ್ನು ನೋಡಿಯೇ ಕಲಿತೆ.

ಎಐ ಬಗ್ಗೆ: ನಾನು ಬಳಸಬೇಡಿ ಅನ್ನುವುದಿಲ್ಲ. ‘ಈ ಸಾಲು ತೆಗೆದರೆ ಏನಾಗುತ್ತದೆ?’ ಅಂತ ಒಂದು ಪ್ರಶ್ನೆ ಕೇಳುತ್ತೇನೆ. ಕಲಿಯಬೇಕು ಅಂತ ಬಂದವರು ತೆಗೆದು, ಓಡಿಸಿ, ನೋಡಿ ಬಂದು ಹೇಳುತ್ತಾರೆ. ಉಳಿದವರು ಎರಡು ಪುಟ ಕಳಿಸುತ್ತಾರೆ. ಎರಡು ಪುಟ ಬಂದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ, ಅರ್ಧ ಗಂಟೆ ಕೊಡುವುದಿಲ್ಲ.

ಬೆಂಗಳೂರಿನ ಸುತ್ತಮುತ್ತ ಇದ್ದರೆ ಫಾಸ್ ಯುನೈಟೆಡ್ ಎಂಬ ಓಪನ್ ಸೋರ್ಸ್ ಸಂಘಟನೆಯ ಮೀಟಪ್‌ಗಳಿಗೆ ಬನ್ನಿ. ಪಕ್ಕದಲ್ಲಿ ಕೂತು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಸೆಟಪ್ ಮಾಡಿಸಿ ನೋಡಿ. ನಿಮ್ಮ ಕೈಪಿಡಿಯಲ್ಲಿ ಎಷ್ಟು ತೂತು ಇದೆ ಅಂತ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ.

---

ರಾತ್ರಿಪಾಳಿ

ತುಂಗಾತೀರ ಅವರ ‘ಈ ಸಾಲು ತೆಗೆದರೆ ಏನಾಗುತ್ತದೆ’ ನನಗೆ ಬೇಕಿತ್ತು. ಟ್ಯಾಬ್_ಎಂಟು ಹೇಳಿದ್ದನ್ನೂ ಯೋಚಿಸಿದೆ. ಬೋರ್ಡ್ ತೆಗೆಯುವುದಿಲ್ಲ. ಆದರೆ ಹಿಂದೆ ಮೂರು ಒಳ್ಳೇ ಪ್ಯಾಚ್ ಕಳಿಸಿದ್ದ ಒಬ್ಬರಿದ್ದಾರೆ. ಅವರಿಗೆ ಪತ್ರ ಬರೆದೆ, ತಿಂಗಳಿಗೊಮ್ಮೆ ಕೂತು ಒಟ್ಟಿಗೆ ಇಶ್ಯೂ ನೋಡೋಣವಾ ಅಂತ. ಒಬ್ಬರಿಗೆ ಕಲಿಸುವಷ್ಟು ಸಮಯ ನನ್ನ ಹತ್ತಿರ ಇದೆ.

---

ಹೊಂಗೆ_ಮರ (ಐದು ವಾರದ ನಂತರ)

ತಡವಾಗಿ ಬರುತ್ತಿದ್ದೇನೆ, ಆದರೆ ಹೇಳಲು ವಿಷಯ ಇದೆ.

ಒತ್ತಕ್ಷರ ಅವರು ಕೇಳಿದ ರಾತ್ರಿ ಆ ಲೈಬ್ರರಿಗೆ ‘ಸ್ತ್ರೀ’ ಕೊಟ್ಟು ನೋಡಿದೆ. ನಾವು ಬಳಸುವ ಆವೃತ್ತಿ ಅದನ್ನು ಮೂರು ತುಂಡು ಮಾಡಿತು: ಸ್, ತ್, ರೀ. ಅಂದರೆ ಅದನ್ನು ಬಳಸಿದ್ದರೂ ‘ಸ್ವಾತಂತ್ರ್ಯೋತ್’ ಹಾಗೇ ಉಳಿಯುತ್ತಿತ್ತು. ನಾನು ಹೇಳಿದ್ದೇ ತಪ್ಪು.

ಆ ಹುಡುಗಿಗೆ ಪತ್ರ ಬರೆದೆ. ಉತ್ತರ ತಡವಾಗಿದ್ದಕ್ಕೆ ಕ್ಷಮೆ ಕೇಳಿದೆ, ಕಾರಣವನ್ನೂ ಹೇಳಿದೆ. ಲೈಬ್ರರಿ ವಿಷಯದಲ್ಲಿ ನೀವೇ ಸರಿ, ನಾನು ಪರೀಕ್ಷಿಸದೆ ಹೇಳಿದೆ ಅಂತ ಬರೆದೆ. ಒಂಬತ್ತು ಶೈಲಿ ತಿದ್ದುಪಡಿ ವಾಪಸ್ ತೆಗೆದುಕೊಂಡೆ. ಈಗ ಅವನ್ನು, ಕೋಡ್ ಶೈಲಿ ಸರಿ ಮಾಡುವ ನಮ್ಮ ಫಾರ್ಮ್ಯಾಟರ್ ಪ್ರೋಗ್ರಾಂ ತಾನೇ ಮಾಡುತ್ತದೆ.

ನಾಲ್ಕನೇ ದಿನ ಉತ್ತರ ಬಂತು. ಅವಳು ಕೋಡ್ ಬರೆಯುವ ಮುಂಚೆಯೇ ಆ ಲೈಬ್ರರಿ ಪ್ರಯತ್ನಿಸಿದ್ದಳಂತೆ. ಮೂರು ತುಂಡಾಗುವುದು ನೋಡಿಯೇ ಸ್ವಂತ ದಾರಿ ಹಿಡಿದದ್ದು. ಹಲಂತದ ಮುಂದೆ ವ್ಯಂಜನ ಇದ್ದರೆ ಕತ್ತರಿಸಬೇಡ ಅನ್ನುವ ನಿಯಮ. ‘ನೀವು ಲೈಬ್ರರಿ ಬಳಸಿ ಅಂದಾಗ, ಅದು ಸರಿ ಇಲ್ಲ ಅಂತ ಎಲ್ಲರ ಮುಂದೆ ಹೇಗೆ ಹೇಳಲಿ ಅಂತ ಗೊತ್ತಾಗಲಿಲ್ಲ ಸರ್’ ಅಂತ ಬರೆದಿದ್ದಳು. ಆ ಸಾಲನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಅವಳ ಪ್ಯಾಚ್ ಹೋದ ಭಾನುವಾರ ಮರ್ಜ್ ಆಯಿತು, ಅಂದರೆ ನಮ್ಮ ಕೋಡ್‌ಗೆ ಸೇರಿತು. ಒಂದೇ ಒಂದು ಪ್ರಶ್ನೆ ಕೇಳಿದ್ದೆ: ‘ಸಾಫ್ಟ್‌ವೇರ್’ ಪದದಲ್ಲಿ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಒತ್ತಾಗದಂತೆ ತಡೆಯಲು. ಅಲ್ಲಿ ನಿಮ್ಮ ನಿಯಮ ಏನು ಮಾಡುತ್ತದೆ? ಅದೇ ರಾತ್ರಿ ಎರಡು ಟೆಸ್ಟ್ ಸೇರಿಸಿ ಕಳಿಸಿದಳು. ರಿಲೀಸ್ ಟಿಪ್ಪಣಿಯಲ್ಲಿ ಹೆಸರು ಹಾಕಿದ್ದೇವೆ.

ಇನ್ನೊಂದು ಕೆಲಸ. ಡಾಕರ್ ಇಲ್ಲದೆ, ವಿಂಡೋಸ್‌ನಲ್ಲಿ, ಕಡಿಮೆ ಡೇಟಾದಲ್ಲಿ ನಮ್ಮ ಆ್ಯಪ್ ಸೆಟಪ್ ಮಾಡುವುದು ಹೇಗೆ ಅಂತ ಕನ್ನಡದಲ್ಲೇ ಒಂದು ಪುಟ ಬರೆದಿದ್ದೇನೆ. ನನ್ನ ಹತ್ತಿರ ವಿಂಡೋಸ್ ಇಲ್ಲ. ಎರಡನೇ_ಸೆಮ್, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಓಡಿಸಿ ನೋಡುತ್ತೀರಾ?

---

ಎರಡನೇ_ಸೆಮ್

ಓಡಿಸಿದೆ. ಕ್ಲೋನ್ ಏಳು ನಿಮಿಷ. ನಾಲ್ಕನೇ ಹೆಜ್ಜೆಯಲ್ಲಿ ನಿಂತಿತು. ಸ್ಕ್ರಿಪ್ಟ್ ಕಡತದ ಸಾಲಿನ ಕೊನೆಯನ್ನು ವಿಂಡೋಸ್ ಗಿಟ್ ಬದಲಿಸಿಬಿಡುತ್ತದೆ, ಅದಕ್ಕೆ ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ಗೆ ಅದು ಅರ್ಥ ಆಗುವುದಿಲ್ಲ. ಗಿಟ್ ಆಟ್ರಿಬ್ಯೂಟ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿ, ಆ ಸ್ಕ್ರಿಪ್ಟ್ ಕಡತವನ್ನು ಗಿಟ್‌ನಿಂದ ಮತ್ತೆ ತೆಗೆದುಕೊಂಡೆ, ಸರಿಹೋಯಿತು. ಆ್ಯಪ್ ತೆರೆಯಿತು.

ಇದನ್ನು ಪ್ಯಾಚ್ ಮಾಡಿ ಕಳಿಸಲಾ? ಅಸೈನ್ ಮಾಡಬೇಕಾ?

---

ಹೊಂಗೆ_ಮರ

ಅಸೈನ್ ಬೇಡ, ಕಳಿಸಿ. ಇವತ್ತು ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.